ಬೇಲಿಯ ಕಂಡಿಯಲ್ಲಿ ಉರುಳು

ಉರ... ಉರ್ಲಿ... ಹಾಂ ಪುಟ್ಟಿ, ನೆನಪಾಯಿತು, ಉರುಳು! ಪ್ರಾಣಿಯ ಕತ್ತಿಗೆ ಬಿಗಿಯುವ ತಂತಿಯ ಕುಣಿಕೆಗೆ ನಾನು ಹುಟ್ಟಿದೂರಲ್ಲಿ ಹಾಗೇ ಅನ್ನುತ್ತಿದ್ದರು. ಹಿತ್ತಲಿನ ಮುಳ್ಳುಬೇಲಿಯಲ್ಲಿ ಬೇಕೆಂದೇ ಒಂದು ಕಂಡಿ ಬಿಟ್ಟು, ಯಜಮಾನ ಅಲ್ಲಿ ಉರುಳು ಕಟ್ಟಿದ್ದ. ಮೂಲಂಗಿ ಸೊಪ್ಪಿನ ಆಸೆಗೆ ಕಾಡುಮೊಲ ಬಂತು.

"ಸುಮ್ಮನಿರು, ಒಳಗೆ ಬರಲಿ," ಎಂದು ಉರುಳು ಬೇಲಿಗೆ ಪಿಸುಗುಟ್ಟಿತು.

"ಥೂ! ದಾರಿ ಬಿಟ್ಟು ಕರೆದು ಕೊಲ್ಲುತ್ತೀಯಾ? ಬರಬೇಡ ಎಂದು ಮೊದಲೇ ಹೇಳಲು ನಿನಗೇನು ರೋಗ?" ಎಂದು ಬೇಲಿ ಸಿಡಿದು, ತನ್ನದೊಂದು ಕೊಂಬೆಯನ್ನು ಕಂಡಿಗೆ ಅಡ್ಡ ಕೆಡವಿತು.

ಮೂಗಿಗೆ ಮುಳ್ಳು ಚುಚ್ಚಿಸಿಕೊಂಡ ಮೊಲ, "ಹಾಳಾಗಿ ಹೋಗು, ಜಿಪುಣ ಬೇಲಿಯೇ!" ಎಂದು ಬೈದು ಕಾಡಿಗೆ ಓಡಿತು.

"ಬೈಸಿಕೊಂಡೆಯಲ್ಲ!" ಎಂದು ಉರುಳು ನಕ್ಕಿತು.

"ಬೈಯಲಿ. ಬೈಯಲು ಅದಕ್ಕೆ ಗಂಟಲು ಉಳಿದಿದೆ," ಎಂದಿತು ಬೇಲಿ.

ಪುಟ್ಟಿ, ಈ ನಿನ್ನ ಅಜ್ಜಿ ಹೇಳಿದ್ದನ್ನು ಬೈಗುಳ ಬಿಡದೆ ಬರೆದುಕೋ.