ಐದನೆಯ ದಿನದ ಸೀಸೆ

“ಅವ್ವಾ, ನೇಕಾರರ ಕೈಯಿಂದ ಪೂರ್ತಿ ಕೆಲಸ ತೆಗೆಯುವುದು ಹೇಗೆ?” ಎಂದು ಮಗ್ಗಗಳ ಯಜಮಾನನಾದ ಶಿಷ್ಯ ಕೇಳಿದ. “ಮದುವೆ ಸೀರೆಗಳ ಗಡುವು ಹತ್ತಿರ ಬಂತು. ಮಗ್ಗ ಬಿಟ್ಟು ಏಳಬೇಡಿ ಎಂದಿದ್ದೇನೆ. ಆದರೂ ಎಳೆ ಕಡಿಯುತ್ತಲೇ ಇದೆ.”

ಗುರುವಮ್ಮ ಒಂದು ಕತೆ ಹೇಳಿದಳು.

ಒಬ್ಬ ಮದ್ದು ಮಾಡುವವನಿದ್ದ. ಕುರಿಗಳ ನಾಲಿಗೆ ನೀಲಿಗಟ್ಟುವ ರೋಗಕ್ಕೆ ಅವನು ಲಸಿಕೆ ಮಾಡಬೇಕಿತ್ತು. ಹುಳುವಿನ ಜೀವಕೋಶಗಳನ್ನು ಸೀಸೆಯೊಳಗೆ ಸಕ್ಕರೆ ಬೆರೆಸಿದ ನೀರಿನಲ್ಲಿ ಸಾಕಿದ. ಕೂಸಿನ ತೊಟ್ಟಿಲಿನಂತೆ ಆ ಸೀಸೆ ತೂಗುತ್ತಲೇ ಇರಬೇಕು. ಹುಳುಗಳಿಗೇ ಬರುವ ಒಂದು ವೈರಸ್ಸಿನೊಳಗೆ ಲಸಿಕೆಯ ಪ್ರೋಟೀನು ಮಾಡುವ ಬಗೆಯನ್ನು ಸೇರಿಸಿಟ್ಟ. ಆ ವೈರಸ್ಸು ಹೊಕ್ಕ ಕೋಶ ತನ್ನ ಕೆಲಸ ಬಿಟ್ಟು ಆ ಪ್ರೋಟೀನನ್ನೇ ಮಾಡುತ್ತದೆ. ಮಾಡಿ ಮಾಡಿ ಸಾಯುತ್ತದೆ.

ಒಬ್ಬ ಕುರಿಗಾರ ದಿನವೂ ಬಾಗಿಲಿಗೆ ಬರುತ್ತಿದ್ದ. “ಏನಣ್ಣಾ, ಕುರಿ ಬದುಕಿದ್ದಾಗ ಕೊಡ್ತೀಯೋ, ಹೂತ ಮೇಲೆ ಗುಂಡಿಗೆ ಸುರೀತೀಯೋ?” ಎನ್ನುತ್ತಿದ್ದ.

ಮೊದಲ ಸಲ ಮದ್ದು ಮಾಡುವವನು ಹೆದರಿ ಒಂದಿಷ್ಟೇ ವೈರಸ್ಸು ಹಾಕಿದ. ಬಹಳಷ್ಟು ಕೋಶಗಳಿಗೆ ಅದು ತಾಗಲೇ ಇಲ್ಲ. ಅವು ತಮ್ಮ ಪಾಡಿಗೆ ಸಂಸಾರ ಬೆಳೆಸಿಕೊಂಡು ಸೀಸೆಯ ಸಿಹಿಯನ್ನೆಲ್ಲ ತಿಂದು ಮುಗಿಸಿದವು. ಎರಡನೆಯ ಸಲ ಸಿಟ್ಟಿನಲ್ಲಿ ಸುರಿದುಬಿಟ್ಟ. ಕೋಶಗಳಿನ್ನೂ ಕೆಲವೇ ಇದ್ದವು, ಎಲ್ಲವೂ ಒಟ್ಟಿಗೆ ಮಲಗಿದವು. ಮೂರನೆಯ ಸಲ ಕೋಶಗಳು ತುಂಬಿಬರುವ ಹೊತ್ತು ನೋಡಿ ಹದವಾಗಿ ಹಾಕಿದ. ಮೂರನೆಯ ದಿನ ನೋಡಿದರೆ ಕೋಶಗಳು ಉಬ್ಬಿ ನಿಂತಿದ್ದವು. ಪ್ರೋಟೀನು ಹಿಂದೆಂದೂ ಕಾಣದಷ್ಟಿತ್ತು.

ಸೀಸೆ ತೊಳೆಯುವವಳು ಹೇಳಿದಳು: “ಅಯ್ಯಾ, ಇವತ್ತೇ ತೆಗೆದುಬಿಡಿ. ಐದು ದಿನ ಬಿಟ್ಟ ಸೀಸೆ ಗಂಜಿ ಹಂಗೆ ಅಂಟ್ತದೆ. ತೊಳೆಯೋ ಕೈಗೆ ಗೊತ್ತು.”

“ಇನ್ನೂ ಅರ್ಧಕ್ಕೆ ಜೀವ ಇದೆಯಲ್ಲವ್ವ! ಅಷ್ಟನ್ನೂ ಸುಮ್ಮನೆ ಬಿಡಲಾ?” ಎಂದ ಅವನು. ತನ್ನ ಲೆಕ್ಕ ಸರಿಯೆಂದೇ ಅವನ ನಂಬಿಕೆ. ಎರಡು ದಿನ ಕಾದ.

ಐದನೆಯ ದಿನ ಸೀಸೆಯಲ್ಲಿದ್ದುದು ಗಂಜಿಯೇ. ಜೀವ ಇರುವ ತನಕ ಕೋಶ ತನ್ನೊಳಗೆ ಕಟ್ಟಿಟ್ಟುಕೊಂಡಿದ್ದ ಜೀರ್ಣರಸ, ಕೋಶ ಒಡೆದದ್ದೇ ಹೊರಗೆ ಚೆಲ್ಲಿತ್ತು. ಮಾಡಿಟ್ಟ ಪ್ರೋಟೀನನ್ನೆಲ್ಲ ಅದು ಚೂರು ಚೂರು ಮಾಡಿತ್ತು. ಅವನು ಬಟ್ಟಲಿಗೆ ಬಗ್ಗಿಸಿದ, ಸೋಸಿದ, ಮತ್ತೆ ಸೋಸಿದ. ಒಂದು ಕುರಿಗಾಗುವಷ್ಟೂ ಸಿಗಲಿಲ್ಲ.

ಅಂದೂ ಕುರಿಗಾರ ಬಂದ. ಹೆಗಲ ಮೇಲೆ ಕಂಬಳಿಯಿತ್ತು, ಹಿಂದೆ ಕುರಿಗಳಿರಲಿಲ್ಲ.

“ಕೈಗೆ ಬಂದದ್ದನ್ನು ಬಿಟ್ಟು ಇನ್ನೆರಡು ದಿನಕ್ಕೆ ಆಸೆಪಟ್ಟನಲ್ಲ, ಎಂಥ ದಡ್ಡನವ್ವಾ!” ಎಂದು ಶಿಷ್ಯ ನಕ್ಕ.

ಗುರುವಮ್ಮ ಕೇಳಿದಳು: “ನಿನ್ನ ನೇಕಾರರು ಮಗ್ಗಕ್ಕೆ ಕೂತು ಇವತ್ತಿಗೆ ಎಷ್ಟನೆಯ ದಿನವಪ್ಪಾ?”