ದೊಡ್ಡಬಾಯಿ ಮೀನಿನ ಗೂಡು

ಹೊಳೆ ದಂಡೆಯ ಮೀನು ಸಂಶೋಧನಾ ಕೇಂದ್ರದಲ್ಲಿ ಬೋರಲಿಂಗಯ್ಯ ಮೇಷ್ಟ್ರು ಅಂತ ಒಬ್ಬರಿದ್ದರು. ಅವರ ಕೈಕೆಳಗೆ ಕಲಿಯೋದಕ್ಕೆ ದಾಕ್ಷಾಯಿಣಿ ಬಂದು ಸೇರಿಕೊಂಡಿದ್ದಳು.

ಅಲ್ಲಿ ಸಾಕುತ್ತಿದ್ದದ್ದು ಬಾಸ್ ಅನ್ನೋ ಪರದೇಶದ ಮೀನು. ಬಾಯಿ ಅಗಲ, ಅದಕ್ಕೇ ಎಲ್ಲರೂ ದೊಡ್ಡಬಾಯಿ ಅಂತಲೇ ಕರೆಯೋರು. ಕೇಂದ್ರದವರ ಬಾಯಿ ಮುಂದೆ ಆ ಮೀನಿನ ಬಾಯಿ ಏನೇನೂ ಅಲ್ಲ, ಅದು ಬೇರೆ ವಿಷಯ.

ಆ ಬಾಯಿಗಳಿಗೆ ದಿನಾ ಎಲೆ ಅಡಿಕೆ ಆಗಿದ್ದವನು ಮರಿಸ್ವಾಮಿ, ಮೇಷ್ಟ್ರ ಹಳೇ ಶಿಷ್ಯ. ಮಗನ ಹಾಗೆ ಸಾಕಿದ್ದರಂತೆ. ಕೂದಲು ನರೆಯೋವರೆಗೂ ಕೊಳದ ಪಕ್ಕ ಕೂತು ಅವನು ಕಂಡುಹಿಡಿದದ್ದೆಲ್ಲ ಮೇಷ್ಟ್ರ ಹೆಸರಲ್ಲೇ ಅಚ್ಚಾಯಿತು. ಶಾಲು ಹೊದ್ದವರು ಇವರು. ಅವನು ಈಗ ಪೇಟೆ ಬಸ್‌ಸ್ಟ್ಯಾಂಡಿನ ಹತ್ತಿರ ಗಾಜಿನ ತೊಟ್ಟಿ ಇಟ್ಟುಕೊಂಡು ಬಣ್ಣದ ಮೀನು ಮಾರುತ್ತಾನೆ. ಮೇಷ್ಟ್ರು ಎದುರಾದರೆ ಕತ್ತು ಆ ಕಡೆ ತಿರುಗಿಸುತ್ತಾನೆ.

ದಾಕ್ಷಾಯಿಣಿಗೆ ಈ ಮಾತು ಕಿವಿಗೆ ಬಿದ್ದರೆ ಮೈ ಉರಿಯೋದು. ಅವಳು ಜ್ವರದಲ್ಲಿ ಮಲಗಿದಾಗ ಗಂಜಿ ಕಾಯಿಸಿ ತಂದುಕೊಟ್ಟ ಮನುಷ್ಯ ಮೇಷ್ಟ್ರು.

ಈ ಮೀನಿನ ಮರಿಗಳಿಗೆ ಜೀವ ಇರೋ ಹುಳವೇ ಆಹಾರ. ಒಣ ತಿಂಡಿ ಹಾಕಿದರೆ ಮೂಸಿಯೂ ನೋಡುವುದಿಲ್ಲ, ಹಸಿದು ಸಾಯುತ್ತವೆ. ಸಿಗಡಿ ತಲೆ ಅರೆದು, ಕಲಸಿ, ಮೆಲ್ಲಗೆ ಅದನ್ನು ಕಡಿಮೆ ಮಾಡುತ್ತಾ ಒಣ ತಿಂಡಿಗೆ ಒಗ್ಗಿಸುವ ಒಂದು ಪಾಕ ದಾಕ್ಷಾಯಿಣಿ ಕಂಡುಹಿಡಿದಳು. ಮೈಯೆಲ್ಲ ಸಿಗಡಿ ನಾತ ಹೊತ್ತುಕೊಂಡು ಕಂಡುಹಿಡಿದಳು.

ಮೊನ್ನೆ ರಾಜಧಾನಿಯಿಂದ ಸಾಹೇಬರು ಬಂದು ನೋಡಿ, ಮೇಷ್ಟ್ರ ಬೆನ್ನು ತಟ್ಟಿ, ನಿಮ್ಮ ಪಾಕ ಬಹಳ ಚೆನ್ನಾಗಿದೆ ಅಂದರು. ಮೇಷ್ಟ್ರು ಸುಮ್ಮನೆ ನಿಂತಿದ್ದರು.

ಸುಸ್ತಾಗಿರಬೇಕು ಅಂದುಕೊಂಡಳು ದಾಕ್ಷಾಯಿಣಿ. ಮೇಷ್ಟ್ರಿಗೆ ಯಾವಾಗಲೂ ಸುಸ್ತೇ. ಮೆಟ್ಟಿಲು ಹತ್ತಿದರೆ ಸುಸ್ತು, ಮಾತಾಡಿದರೆ ಸುಸ್ತು.

ಅದೇ ವಾರ ಅಣೆಕಟ್ಟಿನ ಹತ್ತಿರದ ಮೀನು ಕೇಂದ್ರದವರು ಅವಳನ್ನು ಕೆಲಸಕ್ಕೆ ಕರೆದರು. ಅವಳದೇ ಕೊಳಗಳು, ಅವಳದೇ ಕೆಲಸ, ಅವಳದೇ ಹೆಸರು. ಭಾನುವಾರದೊಳಗೆ ಹೂಂ ಅನ್ನಬೇಕು, ಇಲ್ಲದಿದ್ದರೆ ಬೇರೆಯವರು ಕಾದಿದ್ದಾರೆ.

"ನಾನು ಹೋಗಲ್ಲ ಸಾರ್. ನಿಮ್ಮ ಹತ್ತಿರಾನೇ ಇರ್ತೀನಿ," ಅಂದಳು.

ಮೇಷ್ಟ್ರು ಕೊಳದ ಕಟ್ಟೆ ಮೇಲೆ ಕೂತರು. "ಮೂಲೆ ಕೊಳದ ಮರಿಗಳನ್ನ ಅಪ್ಪನಿಂದ ಬೇರೆ ಮಾಡಿದೆಯಾ?"

"ಇನ್ನೂ ಇಲ್ಲ ಸಾರ್. ಅಪ್ಪನ ಜೊತೆ ಇದ್ದಷ್ಟೂ ಜಾಸ್ತಿ ಉಳೀತಾವೆ ಅಂತ ನನಗನ್ನಿಸುತ್ತೆ."

ಮೂಲೆ ಕೊಳದ ಆ ಗಂಡುಮೀನಿನ ಮೇಲೆ ಅವಳಿಗೆ ಒಂದು ಮಮತೆ. ಹೆಣ್ಣು ಮೊಟ್ಟೆ ಇಟ್ಟು ತಿರುಗಿಯೂ ನೋಡದೆ ಹೊರಟುಹೋಗಿತ್ತು, ಪಕ್ಕದ ಗಂಡಿನ ಗೂಡಿಗೂ ಹೋಗಿ ಬಂತು ಅಂತ ಸುದ್ದಿ. ಗಂಡು ಮಾತ್ರ ಅಲ್ಲಾಡಲಿಲ್ಲ. ಬಾಲದಿಂದ ಗೂಡು ಗುಡಿಸಿತು, ಮೊಟ್ಟೆಗೆ ಗಾಳಿ ಬೀಸಿತು, ಹತ್ತಿರ ಬಂದದ್ದನ್ನೆಲ್ಲ ಅಟ್ಟಿತು. ಬಾಯಿ ಮುಂದೆ ತಿಂಡಿ ಹಾಕಿದರೂ ಮುಟ್ಟಲಿಲ್ಲ. ಸೊರಗಿ ಬೆನ್ನುಮೂಳೆ ಕಾಣುತ್ತಿತ್ತು.

"ಆಗಲಿ, ನೋಡು," ಅಂದರು ಮೇಷ್ಟ್ರು.

ನೋಡಿದಳು. ಕಪ್ಪು ಮೋಡದ ಹಾಗಿದ್ದ ಮರಿಗಳ ಹಿಂಡು ದಿನದಿಂದ ದಿನಕ್ಕೆ ಕರಗಿತು.

ಮಿಂಚುಳ್ಳಿ ಕಾಟ ಅಂತ ಕೊಳದ ಮೇಲೆ ಬಲೆ ಕಟ್ಟಿಸಿದಳು. ಆದರೂ ಕರಗಿತು. ಅಡುಗೆ ಚೌಡಮ್ಮನ ಸೆರಗಿನಲ್ಲಿ ಮೀನಿನ ವಾಸನೆ ಅಂತ ಯಾರೋ ಕಿವಿಯಲ್ಲಿ ಊದಿದರು. ಇವಳೂ ಹೋಗಿ ಆ ಹೆಂಗಸಿನ ಸಾರಿನ ಪಾತ್ರೆಯ ಮುಚ್ಚಳ ತೆಗೆದು ನೋಡಿದಳು. ಒಳಗಿದ್ದದ್ದು ಹುರುಳಿಕಾಳು. ಚೌಡಮ್ಮ ಸೌಟು ಹಿಡಿದುಕೊಂಡೇ, ಬೇಕಾದರೆ ಹೊಟ್ಟೆ ಕುಯ್ದು ನೋಡಿಕೊಳ್ಳವ್ವ ಅಂದಳು.

ಶನಿವಾರ ದಾಕ್ಷಾಯಿಣಿ ಮೇಷ್ಟ್ರ ಮುಂದೆ ಬಂದು ನಿಂತಳು. ಮುಖ ಬಾಡಿತ್ತು.

ಮೇಷ್ಟ್ರು ಮೊಣಕಾಲು ಹಿಡಿದುಕೊಂಡು ಎದ್ದರು. ಪ್ಯಾಂಟು ಮಡಿಚಿ ಮೂಲೆ ಕೊಳಕ್ಕೆ ಇಳಿದರು. ಆ ಗಂಡನ್ನು ಕೈಬಲೆಯಲ್ಲಿ ಎತ್ತಿ, ಕೆಳದವಡೆಗೆ ಹೆಬ್ಬೆರಳು ಕೊಟ್ಟು ಬಾಯಿ ಅಗಲಿಸಿ ಅವಳ ಕಡೆ ಹಿಡಿದರು.

ಗಂಟಲಲ್ಲಿ ಒಂದು ಮರಿಯ ಬಾಲ ಕಾಣಿಸಿತು.

ದಾಕ್ಷಾಯಿಣಿ ಬಗ್ಗಿ ಆ ಬಾಲವನ್ನೇ ನೋಡಿದಳು. ಆಮೇಲೆ, "ಉಪವಾಸ ಇದ್ದು ಕಾದಿತ್ತಲ್ಲ ಸಾರ್," ಅಂದಳು.

"ಕಾದದ್ದು ಸುಳ್ಳಲ್ಲ."

"ಮತ್ತೆ ಇದು?"

"ಮರಿ ಚಿಕ್ಕದಿರೋವರೆಗೂ ಇದಕ್ಕೆ ಹಸಿವೇ ಆಗಲ್ಲ. ಅವು ತಾವಾಗಿ ಈಜೋಕೆ ಶುರು ಮಾಡಿದ ಮೇಲೆ ಹಸಿವು ವಾಪಸ್ ಬರುತ್ತೆ. ಬಂದ ಮೇಲೆ ಯಾರು ಮಗ ಯಾರು ಮೀನು ಅಂತ ಗುರುತು ಸಿಗಲ್ಲ."

"ಹಾಗಾದ್ರೆ ಇದು ಕೆಟ್ಟದ್ದೇ."

"ಕೆಟ್ಟದ್ದಲ್ಲ. ಹೊತ್ತಿಗೆ ಸರಿಯಾಗಿ ಬೇರೆ ಮಾಡಬೇಕಿತ್ತು."

ಮೀನನ್ನು ನೀರಿಗೆ ಬಿಟ್ಟರು. ಅದು ಖಾಲಿ ಗೂಡಿನ ಮೇಲೆ ಒಂದು ಸುತ್ತು ಸುತ್ತಿ ಆಳಕ್ಕೆ ಹೋಯಿತು.

ಉಳಿದಿದ್ದ ನಾಲ್ಕಾರು ಮರಿಗಳನ್ನು ದಾಕ್ಷಾಯಿಣಿ ಹಿಡಿದು ಬೇರೆ ತೊಟ್ಟಿಗೆ ಬಿಟ್ಟಳು. ಕೈ ಒರೆಸಿಕೊಂಡು ಬಂದು, ಇಷ್ಟು ದಿನ ಕಿವಿ ಮುಚ್ಚಿಕೊಂಡಿದ್ದ ಮಾತನ್ನು ಬಾಯಿಬಿಟ್ಟೇ ಕೇಳಿದಳು.

"ಮರಿಸ್ವಾಮಿಯವರ ವಿಷಯ ಜನ ಹೇಳೋದು ನಿಜವಾ ಸಾರ್?"

ಮೇಷ್ಟ್ರು ಕಟ್ಟೆ ಮೇಲೆ ಕೂತು ಕಾಲಿನ ಕೆಸರು ತೊಳೆದುಕೊಂಡರು. ಒಂದು ಕಾಲು, ಆಮೇಲೆ ಇನ್ನೊಂದು.

"ಅವನೂ ನಿನ್ನ ಹಾಗೇ ಹೋಗಲ್ಲ ಅಂದ. ನಾನು ಇರು ಅಂದೆ."

"ನನ್ನನ್ನೂ ಇರು ಅನ್ನಿ ಸಾರ್. ನೀವು ಈಗ ಆ ಥರ ಇಲ್ಲ. ನನಗೆ ಗೊತ್ತು."

ಮೇಷ್ಟ್ರು ತಲೆ ಎತ್ತಿ ಅವಳನ್ನೇ ನೋಡಿದರು. ಬಹಳ ದಣಿದ ಕಣ್ಣು.

"ಮೊನ್ನೆ ಆ ಸಾಹೇಬ್ರು ನಿನ್ನ ಪಾಕಾನ ನನ್ನದು ಅಂದ್ರಲ್ಲ ತಾಯಿ, ಆಗ ನನಗೆ ಹಸಿವಾಯ್ತು."