ಮೂಲೆಯಿಲ್ಲದ ಹೊಲ

ಯೆಹೂದ ಸೀಮೆಯ ಗುಡ್ಡಗಳ ನಡುವೆ ಒಂದು ಊರಿತ್ತು. ಆ ಊರಿನವರಿಗೆ ದೇವರು ಕೊಟ್ಟ ಕಟ್ಟಳೆಗಳಲ್ಲಿ ಒಂದು ಹೀಗಿತ್ತು: ಪೈರು ಕೊಯ್ಯುವಾಗ ಹೊಲದ ಮೂಲೆಗಳನ್ನು ಕೊಯ್ಯಬಾರದು. ಅಲ್ಲಿ ನಿಂತ ತೆನೆ ವಿಧವೆಗೆ, ತಬ್ಬಲಿಗೆ, ಪರಸ್ಥಳದಿಂದ ಬಂದವನಿಗೆ ಸೇರಿದ್ದು. ಅವರು ಬಂದು ಕೊಯ್ದುಕೊಂಡು ಹೋಗಬಹುದು. ಯಾರನ್ನೂ ಕೇಳಬೇಕಾಗಿಲ್ಲ, ಯಾರಿಗೂ ಕೈಮುಗಿಯಬೇಕಾಗಿಲ್ಲ.

ಹೆಲೆಕ ಆ ಊರಿನ ದೊಡ್ಡ ರೈತ. ದೇವರಿಗೆ ಹೆದರುವವನು. ಕಟ್ಟಳೆ ಮೀರಲು ಅವನಿಗೆ ಮನಸ್ಸಿಲ್ಲ. ತೆನೆ ಬಿಡಲೂ ಮನಸ್ಸಿಲ್ಲ. ಬಹಳ ಯೋಚನೆ ಮಾಡಿ, ಒಂದು ವರ್ಷ ಉಳುಮೆಗೆ ಮೊದಲು ಹೊಲದ ನಟ್ಟನಡುವೆ ಗೂಟ ಹೊಡೆದ. ಗೂಟಕ್ಕೆ ಹಗ್ಗ ಕಟ್ಟಿ ಸುತ್ತ ಗೆರೆ ಎಳೆದ. ಗೆರೆಯ ಒಳಗೆ ಮಾತ್ರ ಉತ್ತು ಜವೆಗೋದಿ ಬಿತ್ತಿದ. ಹೊಲ ರೊಟ್ಟಿಯ ಹಾಗೆ ದುಂಡಗಾಯಿತು.

ಕೊಯ್ಲಿನ ದಿನ ತಿರ್ಚಾ ಎಂಬ ವಿಧವೆ ಕುಡುಗೋಲು ಹಿಡಿದು ಬಂದಳು. ಅವಳಿಗೆ ಐದು ವರ್ಷದ ಮಗಳು. ಮೂಲೆಯ ತೆನೆಯೇ ಅವರಿಬ್ಬರಿಗೆ ಚಳಿಗಾಲದ ಊಟ. ಹೊಲವನ್ನು ಒಂದು ಸುತ್ತು ಬಂದಳು. ಇನ್ನೊಂದು ಸುತ್ತು ಬಂದಳು.

“ಯಜಮಾನರೇ, ಮೂಲೆ ಎಲ್ಲಿ?”

“ನೀನೇ ಹುಡುಕಮ್ಮ. ಸಿಕ್ಕರೆ ಅದು ನಿನ್ನದೇ, ನಾನು ಮುಟ್ಟುವುದಿಲ್ಲ,” ಎಂದ ಹೆಲೆಕ.

ಕೊಯ್ಯುವ ಆಳುಗಳು ನಕ್ಕರು. “ಇನ್ನೊಂದು ಸುತ್ತು ಬಾರಮ್ಮ, ಕಾಲಿಗೆ ಒಳ್ಳೆಯದು,” ಎಂದ ಅವರಲ್ಲೊಬ್ಬ.

ಮರುವರ್ಷ ಊರಿನ ಹೊಲಗಳೆಲ್ಲ ದುಂಡಗಾದವು. ದೂರದ ಊರುಗಳಿಂದಲೂ ಜನ ನೋಡಲು ಬಂದರು. ಹೆಲೆಕ ಬೇಸರಿಸದೆ ಎಲ್ಲರಿಗೂ ಗೂಟ ಹೊಡೆದು ತೋರಿಸಿದ. ಬಿತ್ತದೆ ಬಿಟ್ಟ ಮೂಲೆಗಳಲ್ಲಿ ಮುಳ್ಳು ಬೆಳೆಯಿತು.

ಆ ಮುಳ್ಳಿಗೆ ಆಡು ಹೊಡೆದುಕೊಂಡು ಬರುತ್ತಿದ್ದವನು ಪೆದಾಯ. ಮೂರನೆಯ ವರ್ಷ ಅವನಿಗೆ ದೇವರ ಮಾತು ಬಂತು. ತನಗೆ ಬೇಡವೆಂದು ಅವನು ಬೇಡಿಕೊಂಡರೂ ಬಂತು. ಹಿರಿಯರು ಊರಬಾಗಿಲಲ್ಲಿ ಕೂತಿದ್ದಾಗ ಹೋಗಿ ನಿಂತು ಹೇಳಿದ:

“ದೇವರ ಮಾತು ಇದು. ಬಡವರ ಪಾಲನ್ನು ನೀವು ತಿನ್ನಲೂ ಇಲ್ಲ, ಅವರಿಗೆ ಬಿಡಲೂ ಇಲ್ಲ, ಮುಳ್ಳಿಗೆ ಕೊಟ್ಟಿರಿ. ಉತ್ತರದಿಂದ ದಂಡು ಬರುತ್ತದೆ. ನೀವೂ ಪರಸ್ಥಳದವರಾಗಿ ಕಂಡವರ ಹೊಲದ ಬದುವಿನಲ್ಲಿ ನಿಲ್ಲುತ್ತೀರಿ. ಈಗ ಮನಸ್ಸು ತಿರುಗಿಸಿಕೊಂಡರೆ ದೇವರೂ ಆ ದಂಡನ್ನು ತಿರುಗಿಸುತ್ತಾನೆ. ಮೂಲೆಗಳನ್ನು ಉತ್ತು ಬಿತ್ತಿರಿ. ಇನ್ನೂ ಸಮಯವಿದೆ.”

“ನಿನ್ನ ಆಡುಗಳಿಗೆ ಮೇವು ಆಗಿದ್ದೇ ನಮ್ಮಿಂದ. ಉಪಕಾರ ನೆನೆಯುವುದು ಬಿಟ್ಟು ಶಾಪ ಹಾಕುತ್ತೀಯಲ್ಲಯ್ಯ,” ಎಂದರು ಹಿರಿಯರೊಬ್ಬರು.

“ಮೂಲೆ ಕೊಯ್ಯಬೇಡಿ ಅಂತ ದೇವರು ಹೇಳಿದ್ದಾನೆ. ಹೊಲಕ್ಕೆ ಮೂಲೆ ಇರಲೇಬೇಕು ಅಂತ ಎಲ್ಲಿ ಹೇಳಿದ್ದಾನೆ?” ಎಂದ ಹೆಲೆಕ.

ಬೇಸಗೆ ಕಳೆಯುವಷ್ಟರಲ್ಲಿ ಉತ್ತರದ ಎರಡು ಊರು ಸುಟ್ಟ ಸುದ್ದಿ ಬಂತು. ಜನ ನಡುಗಿದರು. ಗೋಣಿತಟ್ಟು ಉಟ್ಟರು, ತಲೆಗೆ ಬೂದಿ ಸುರಿದುಕೊಂಡರು, ಮೂರು ದಿನ ಉಪವಾಸ ಬಿದ್ದರು. ಎಲ್ಲರಿಗಿಂತ ಹೆಚ್ಚು ಅತ್ತವನು ಹೆಲೆಕ. ಅದೇನೂ ನಾಟಕವಲ್ಲ, ನಿಜವಾಗಿಯೇ ಅತ್ತ. ಅದನ್ನು ಹೇಳದೆ ಬಿಡುವುದು ನ್ಯಾಯವಲ್ಲ.

ಮಳೆ ಬಿದ್ದು ಉಳುಮೆ ಶುರುವಾಯಿತು. ಪೆದಾಯ ಹೆಲೆಕನ ಹೊಲದ ಮೂಲೆಗೆ ಹೋಗಿ ಮುಳ್ಳಿನ ನಡುವೆ ನಿಂತ. ಹೆಲೆಕನ ನೇಗಿಲು ಗೆರೆಯ ತನಕ ಬಂತು.

“ಇನ್ನು ಹತ್ತು ಹೆಜ್ಜೆ ಬಾ ಹೆಲೆಕ. ಮುಳ್ಳನ್ನು ನಾನೇ ಕಿತ್ತು ಕೊಡುತ್ತೇನೆ.”

ಹೆಲೆಕನ ಕಿವಿಯ ಹಿಂದೆ ಬೂದಿ ಇನ್ನೂ ಅಂಟಿಕೊಂಡಿತ್ತು. “ಮೂರು ದಿನ ಉಪವಾಸ ಮಾಡಿದೆನಲ್ಲ ಮಾರಾಯ. ದೇವರಿಗೆ ಅಷ್ಟು ಸಾಲದೆ?”

“ನೀನು ಮೂರು ದಿನ ಮಾಡಿದೆ. ತಿರ್ಚಾ ಮೂರು ವರ್ಷದಿಂದ ಮಾಡುತ್ತಿದ್ದಾಳೆ. ಅವಳ ಉಪವಾಸ ಬಿಡಿಸು ಅಂತ ದೇವರು ಹೇಳಿದ್ದು. ಅವಳ ಜೊತೆ ನೀನೂ ಕೂರು ಅಂತಲ್ಲ.”

ಹೆಲೆಕ ಗೆರೆಯ ಗುಂಟವೇ ಎತ್ತು ತಿರುಗಿಸಿದ. “ಮುಂದಿನ ವರ್ಷ ನೋಡೋಣ,” ಎಂದ.

ಆ ಚಳಿಗಾಲದಲ್ಲಿ ತಿರ್ಚಾಳ ಮಗಳು ತೀರಿಕೊಂಡಳು. ಮಣ್ಣಿಗೆ ಹೆಲೆಕನೂ ಹೋಗಿದ್ದ, ಅದೇ ಗೋಣಿತಟ್ಟು ಉಟ್ಟುಕೊಂಡು. ತಿರ್ಚಾ ಅವನನ್ನು ನೋಡಿ ಒಂದೇ ಮಾತು ಹೇಳಿದಳು:

“ಇವಳ ಕುಣಿಗೆ ನಾಲ್ಕು ಮೂಲೆ ಇದೆ ಯಜಮಾನರೇ.”

ಪೈರು ಹಣ್ಣಾಗುವ ಹೊತ್ತಿಗೆ ದಂಡು ಬಂತು. ಊರಿಗೂ ಹೊಲಗಳಿಗೂ ಬೆಂಕಿ ಬಿತ್ತು. ಗುಡ್ಡದ ಮೇಲಿಂದ ನೋಡಿದರೆ ಸುಟ್ಟ ಹೊಲಗಳು ದುಂಡಗೆ, ಕರ್ರಗೆ ಕಾಣುತ್ತಿದ್ದವು. ನಡುನಡುವೆ ಮುಳ್ಳು ಮಾತ್ರ ಹಸಿರಾಗಿ ನಿಂತಿತ್ತು. ಹೆಲೆಕ ಗೋಣಿತಟ್ಟೊಂದನ್ನು ಹೆಗಲಿಗೆ ಹಾಕಿಕೊಂಡು ಓಡಿ ಜೀವ ಉಳಿಸಿಕೊಂಡ.

ಹದಿನಾರು ದಿನ ನಡೆದು ಬೇರೊಂದು ಊರು ಮುಟ್ಟಿದ. ಅದು ಎತ್ತರದ ಜಾಗ, ಚಳಿ ಜಾಸ್ತಿ, ಬೆಳೆ ತಡ. ಆಗತಾನೇ ಕೊಯ್ಲು ನಡೆದಿತ್ತು. ಅಲ್ಲಿಯೂ ಅದೇ ದೇವರು, ಅದೇ ಕಟ್ಟಳೆ. ಹೆಲೆಕನಿಗೆ ಜೀವ ಬಂದಂತಾಯಿತು. ಯಾರನ್ನೂ ಕೇಳಬೇಕಾಗಿಲ್ಲ, ಯಾರಿಗೂ ಕೈಮುಗಿಯಬೇಕಾಗಿಲ್ಲ. ಮೂಲೆಯ ತೆನೆ ತನ್ನದು. ಗೋಣಿತಟ್ಟನ್ನು ಚೀಲದ ಹಾಗೆ ಮಡಿಸಿ ಹಿಡಿದು ಬದುವಿನ ಮೇಲೆ ಬೇಗಬೇಗ ನಡೆದ. ನಡೆದು ನಡೆದು, ಹೊರಟ ಜಾಗಕ್ಕೇ ಬಂದು ನಿಂತ.

ಹೊಲದವನು ನಗುಮುಖದ ಮನುಷ್ಯ. “ಏನು ಹುಡುಕುತ್ತಿದ್ದೀಯಪ್ಪ?”

“ಮೂಲೆ.”

“ನಮ್ಮ ಕಡೆ ಈಗ ಅದಿಲ್ಲಪ್ಪ. ಪಶ್ಚಿಮದಲ್ಲಿ ಹೆಲೆಕ ಅಂತ ದೊಡ್ಡ ರೈತರಿದ್ದಾರೆ. ನಮ್ಮಣ್ಣ ಅಲ್ಲಿಗೆ ಹೋಗಿ ಕಲಿತುಬಂದ. ಬಹಳ ಬುದ್ಧಿವಂತರಂತೆ. ನಿನಗೆ ಅವರ ಪರಿಚಯ ಉಂಟೇ?”

“ಇಲ್ಲ,” ಎಂದ ಹೆಲೆಕ.

ಹೊಲದಾಚೆಯ ಮುಳ್ಳಿನ ಪಕ್ಕದಲ್ಲಿ ಒಬ್ಬ ಮುದುಕ ಕೂತು ಯಾವುದೋ ಗೆಡ್ಡೆ ಅಗೆಯುತ್ತಿದ್ದ. ನೋಡಿದರೆ ಪೆದಾಯ. ಅವನ ಹತ್ತಿರ ಒಂದು ಆಡೂ ಉಳಿದಿರಲಿಲ್ಲ.

“ನೀನು ಹೇಳಿದ್ದು ನಿಜವಾಯಿತಲ್ಲ. ಸಂತೋಷವೇ?” ಎಂದು ಕೇಳಿದ ಹೆಲೆಕ.

“ಅದು ಸುಳ್ಳಾಗಲಿ ಅಂತಲೇ ಕೂಗಿ ಕೂಗಿ ಹೇಳಿದೆನಯ್ಯ. ನಿಜ ಮಾಡಿದವರು ನೀವು.” ಪೆದಾಯ ಅಗೆಯುವುದನ್ನು ನಿಲ್ಲಿಸಿದ. “ಈ ಊರಿಗೂ ಹೇಳಿ ನೋಡಿದೆ, ಕೇಳುತ್ತಿಲ್ಲ. ನೀನು ಹೋಗಿ ಆ ರೈತನಿಗೆ ನಿನ್ನ ಹೆಸರು ಹೇಳು. ನಿನಗೇನಾಯಿತು ಅಂತ ಹೇಳು. ನಿನ್ನ ಮಾತನ್ನಾದರೂ ಕೇಳಿಯಾನು.”

ಹೆಲೆಕ ಕೈಯಲ್ಲಿದ್ದ ಖಾಲಿ ಗೋಣಿಯನ್ನು ನೋಡಿದ. ನಗುತ್ತಾ ಕೊಯ್ಯುತ್ತಿದ್ದ ಆ ರೈತನನ್ನು ನೋಡಿದ.

“ನಾಳೆ ಹೇಳುತ್ತೇನೆ,” ಎಂದ.

ಮರುದಿನ ಬೆಳಗ್ಗೆ ಅವನು ಅಲ್ಲಿರಲಿಲ್ಲ. ಮುಂದಿನ ಊರಿನ ಹೊಲಕ್ಕೆ ಮೂಲೆ ಇದ್ದೀತೆಂದು ಹೊರಟುಹೋಗಿದ್ದ.

ನೀತಿ: ದೇವರು ಎಚ್ಚರಿಸುವುದು ನಾವು ಅಳಲಿ ಎಂದಲ್ಲ, ಬದಲಾಗಲಿ ಎಂದು. ಕಸಿದುಕೊಂಡದ್ದನ್ನು ಹಿಂದಕ್ಕೆ ಕೊಡದವನ ಉಪವಾಸವೂ ಕಣ್ಣೀರೂ ಪಶ್ಚಾತ್ತಾಪವಲ್ಲ. ಬಡವರ ಪಾಲನ್ನು ಅಳಿಸಲು ನಾವು ಕಲಿಸಿಕೊಟ್ಟ ಉಪಾಯ ನಮಗಿಂತ ಮೊದಲೇ ಮುಂದಿನ ಊರು ತಲುಪಿರುತ್ತದೆ. ನಾವು ಹಸಿದು ಹೋದಾಗ ನಮ್ಮೆದುರಿಗೇ ನಿಲ್ಲುತ್ತದೆ.